ಸರಾಸರಿ ನೋಡಿ ತೇಗದ ಸಸಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ತೇಗದ 'ಅತ್ಯುತ್ತಮ ತಾಯಿಮರಗಳ' ಪಟ್ಟಿಯನ್ನು ನಿಮ್ಮ ಕೃಷಿ ಪುಟ ಪ್ರಕಟಿಸಿದ್ದೇ ತಡ, ನಮ್ಮ ಕಡೆಯ ಬೆಳೆಗಾರರು ಮೊದಲ ಸ್ಥಾನದ ಮರದ ಸಸಿಗಾಗಿ ನರ್ಸರಿಗಳಿಗೆ ಎಡತಾಕುತ್ತಿದ್ದಾರೆ. ಪಟ್ಟಿಯಲ್ಲಿ ಪ್ರತಿ ಮರದ ಸಂತತಿಯ ಸರಾಸರಿ ಎತ್ತರ, ಸುತ್ತಳತೆ ಇವೆ. ಯಾವ ಮರಕ್ಕೆ ಯಾವ ಮರದ ಪರಾಗ ಹಾಕಲಾಗಿತ್ತು ಎಂಬ ವಿವರ ಮಾತ್ರ ಇಲ್ಲ.

ಇಂಥ ಪಟ್ಟಿಗಾಗಿ 20 ಮರಗಳನ್ನು ಎರಡೆರಡಾಗಿ ಕೂಡಿಸಿದರೆ 190 ಸಂಕರಗಳು, ಅಂದರೆ ಜೋಡಿಗಳು. ಅಷ್ಟನ್ನೂ ಮಾಡಿ ಮುಗಿಸುವುದು ಹೇಳಿದಷ್ಟು ಸುಲಭವಲ್ಲ. ತೇಗ ಹೂ ಬಿಡುವುದೇ ಮಳೆಗಾಲದಲ್ಲಿ; ಅರಳಿದ ಹೂವಿನ ಆಯುಷ್ಯ ಒಂದು ದಿನ. ಕಕ್ಕಡ ತಿಂಗಳ ಮಳೆಯಲ್ಲಿ ಜಾರುವ ಏಣಿ ಹತ್ತಿ, ಬೆರಳ ತುದಿಗಿಂತ ಚಿಕ್ಕ ಹೂವಿನ ಕೇಸರ ಕಿತ್ತು, ಪರಾಗ ಸವರಿ, ಗೊಂಚಲಿಗೆ ಚೀಲ ಕಟ್ಟಬೇಕು. ಇಷ್ಟಾದರೂ ಹೆಚ್ಚಿನ ಹೂಗಳು ಕಾಯಿ ಕಟ್ಟದೆ ಉದುರುತ್ತವೆ. ಹೀಗಾಗಿ ಯಾವ ಮರಕ್ಕೆ ಯಾವ ಮರ ಎಂಬ ಕೋಷ್ಟಕದಲ್ಲಿ ಖಾಲಿ ಮನೆಗಳು ಉಳಿಯುವುದು ಯಾರ ತಪ್ಪೂ ಅಲ್ಲ. ಬೇಕೆಂದೇ ಕೆಲವು ಸಂಕರಗಳನ್ನಷ್ಟೇ ಆರಿಸಿ ಮಾಡುವ ಕ್ರಮವನ್ನು ಸಂಖ್ಯಾಶಾಸ್ತ್ರಜ್ಞರಾದ ಕೆಂಪ್‌ಥಾರ್ನ್ ಮತ್ತು ಕರ್ನೋ 1961ರಲ್ಲೇ ವಿವರಿಸಿದ್ದಾರೆ. ನನ್ನ ತಕರಾರು, ಖಾಲಿ ಮನೆಗಳಿರುವ ಕೋಷ್ಟಕಕ್ಕೆ ತುಂಬಿದ ಕೋಷ್ಟಕದ ಲೆಕ್ಕ ಹಾಕುವುದರ ಬಗ್ಗೆ.

ಕ, ಖ ಎಂಬ ಎರಡು ಮರಗಳು ಗುಣದಲ್ಲಿ ಸಮಾನ ಎಂದುಕೊಳ್ಳಿ. ಕ ಮರಕ್ಕೆ ಜೋಡಿಯಾಗಿ ಸಿಕ್ಕಿದ್ದು ಒಳ್ಳೆಯ ತಳಿಯ ಗ; ಸಂತತಿ 13 ಮೀಟರ್ ಬೆಳೆಯಿತು. ಖ ಮರಕ್ಕೆ ಸಿಕ್ಕಿದ್ದು ಕಳಪೆ ಘ. ಸಂತತಿ 9 ಮೀಟರಿಗೇ ನಿಂತಿತು. ಸರಾಸರಿ ಪಟ್ಟಿಯಲ್ಲಿ ಕ ಮೇಲೆ, ಖ ಕೆಳಗೆ. ಕ ಮರವನ್ನೂ ಘ ಜೊತೆ ಒಮ್ಮೆ ಕೂಡಿಸಿ ನೋಡಿದ್ದರೆ ಅಲ್ಲಿಯೂ 9 ಮೀಟರೇ ಬಂದು ಸತ್ಯ ಹೊರಬೀಳುತ್ತಿತ್ತು. ಇಂಥ ಕೊಂಡಿ ಸಂಕರಗಳು ಇಲ್ಲದಿದ್ದರೆ ಯಾವ ಗಣಿತವೂ ಇವೆರಡನ್ನು ಹೋಲಿಸಲಾರದು. 1997ರಿಂದ ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ನೋಡುತ್ತಿರುವ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮೊದಲ ಸುತ್ತಿನಲ್ಲೇ ಚಾಂಪಿಯನ್ ತಂಡದ ಎದುರು ಸೋತ ಕುಟುಂಬವನ್ನು ಯಾರೂ ದುರ್ಬಲ ಎನ್ನುವುದಿಲ್ಲ.

ಎದುರಾಳಿ (ಇಲ್ಲಿ ಜೋಡಿ ಮರ) ಯಾರೆಂಬುದನ್ನೂ ಲೆಕ್ಕಕ್ಕೆ ಹಿಡಿಯುವ ವಿಧಾನವನ್ನು ಹಸುಗಳ ತಳಿ ಅಭಿವೃದ್ಧಿಗಾಗಿ ಅಮೆರಿಕದ ತಳಿವಿಜ್ಞಾನಿ ಹೆಂಡರ್ಸನ್ ಎಂದೋ ರೂಪಿಸಿದ್ದಾರೆ. ಮರದ ತಳಿಶಾಸ್ತ್ರಜ್ಞರೂ ಈಗ ಅದನ್ನೇ ಬಳಸುತ್ತಾರೆ. ಇದರಲ್ಲಿ ಎಲ್ಲ ಮರಗಳ ಗುಣವನ್ನೂ ಒಟ್ಟಿಗೇ ಅಂದಾಜು ಮಾಡಲಾಗುತ್ತದೆ; ಎರಡೇ ಸಂಕರಗಳ ಬಲದಿಂದ ಮಿಂಚಿದ ಮರದ ಅಂಕವನ್ನು ಸರಾಸರಿಯ ಕಡೆಗೆ ಎಳೆಯಲಾಗುತ್ತದೆ. ಪುರಾವೆ ಕಡಿಮೆಯಿದ್ದಷ್ಟೂ ಎಳೆತ ಜಾಸ್ತಿ. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಉಚಿತ ತಂತ್ರಾಂಶವಾದ 'ಆರ್' ಇದ್ದರೆ ಸಾಕು, ದೊಡ್ಡ ಖರ್ಚೇನೂ ಇಲ್ಲ.

ಬೆಳೆಗಾರರು ಗಮನಿಸಬೇಕಾದದ್ದು ಇನ್ನೊಂದಿದೆ. ಕೆಲವು ಜೋಡಿಗಳು ಪರಸ್ಪರ ಕೂಡಿದಾಗ ಮಾತ್ರ ಚೆನ್ನಾಗಿ ಬೆಳೆಯುತ್ತವೆ. ನರ್ಸರಿಯವರು ಪಟ್ಟಿಯ ಮರದಡಿ ಆರಿಸಿದ ಬೀಜಕ್ಕೆ ತಂದೆ ಯಾರೋ, ಕೀಟಗಳಿಗೇ ಗೊತ್ತು! ಜೋಡಿಯ ಹೆಚ್ಚುಗಾರಿಕೆ ಆ ಬೀಜದಲ್ಲಿ ಬರುವುದಿಲ್ಲ. ಯಾರ ಜೊತೆ ಕೂಡಿದರೂ ಮರ ಕೊಡುವ ಸಾಮಾನ್ಯ ಗುಣ ಯಾವುದೋ, ಅಷ್ಟು ಮಾತ್ರ ನಮ್ಮ ತೋಟಕ್ಕೆ ಬರುತ್ತದೆ. ಪಟ್ಟಿಯಲ್ಲಿ ಇವೆರಡನ್ನೂ ಬೇರ್ಪಡಿಸಿಲ್ಲ.

ತೇಗ ನೆಟ್ಟವರು ಕೊಡಲಿ ಇಡುವ ಹೊತ್ತಿಗೆ ಮಕ್ಕಳ ಕಾಲ ಬಂದಿರುತ್ತದೆ. ಆದ್ದರಿಂದ ಪ್ರತಿ ಮರದ ಎದುರು ಎಷ್ಟು ಸಂಕರ, ಯಾವ ಮರಗಳೊಂದಿಗೆ, ಅಂದಾಜಿನಲ್ಲಿ ಎಷ್ಟು ಏರುಪೇರು ಎಂಬುದನ್ನು ಸೇರಿಸಿ ಪಟ್ಟಿಯನ್ನು ಮತ್ತೆ ಪ್ರಕಟಿಸಿ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜೇ ಇದೆ. ಅಚ್ಚಿಗೆ ಕಳಿಸುವ ಮೊದಲು ಅಲ್ಲಿನ ಅಧ್ಯಾಪಕರಿಗೆ ಒಮ್ಮೆ ತೋರಿಸಿದರೆ ಒಳ್ಳೆಯದು.

— ಕಾಫಿ ಬೆಳೆಗಾರ, ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಗೋಣಿಕೊಪ್ಪ