ಮುಂದಿನ ಸೀಟು, ಮಡಿಲಲ್ಲಿ ಮಗು

ಸಂಪಾದಕರೇ,

ಪುಣೆಯ ಕರ್ವೆ ರಸ್ತೆಯಲ್ಲಿ ದಿನಾ ಕಾಣುವ ನೋಟ: ಕಾರಿನ ಮುಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಮಗು. ನಮ್ಮ ಕನ್ನಡದ ಮನೆಗಳಲ್ಲೂ ಇದೇ. ‘ಗಟ್ಟಿಯಾಗಿ ಹಿಡ್ಕೊಂಡಿದ್ದೀನಲ್ವಾ’ ಅನ್ನುತ್ತಾರೆ.

ಲೆಕ್ಕ ಹಾಕಿ ನೋಡಿ. ಮಗು 10 ಕಿಲೋ. ಕಾರಿನ ವೇಗ ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್. ಎರಡನ್ನೂ ಗುಣಿಸಿದರೆ ಸಂವೇಗ, ಅಂದರೆ ಚಲನೆಯ ರಭಸ, 100. ಕಾರು ಗುದ್ದಿ 0.1 ಸೆಕೆಂಡಿನಲ್ಲಿ ನಿಂತರೆ, 100ನ್ನು 0.1ರಿಂದ ಭಾಗಿಸಿ: ಮಗುವನ್ನು ತಡೆಯಲು ಬೇಕಾದ ಬಲ 1,000 ನ್ಯೂಟನ್. ಸುಮಾರು 100 ಕಿಲೋ ಭಾರ ಎತ್ತಿ ಹಿಡಿದಷ್ಟು, ಅಂದರೆ 50 ಕಿಲೋದ ಎರಡು ಅಕ್ಕಿ ಮೂಟೆ! ಯಾವ ತಾಯಿಯ ಕೈ ತಡೆದೀತು? ಡ್ಯಾಶ್‌ಬೋರ್ಡಿಗೆ ಬಡಿದರಂತೂ ನಿಲ್ಲುವ ಸಮಯ ಇನ್ನೂ ಕಡಿಮೆ, ಪೆಟ್ಟು ಇನ್ನೂ ಜಾಸ್ತಿ.

ಮಕ್ಕಳ ಸೀಟಿನ ಪಟ್ಟಿ ತುಸು ಹಿಗ್ಗಿ ಆ ಸಮಯವನ್ನು ಹೆಚ್ಚಿಸುತ್ತದೆ. ದಯವಿಟ್ಟು ಮಗುವನ್ನು ಹಿಂದೆ, ಅದರಲ್ಲೇ ಕೂರಿಸಿ.

— ನಿವೃತ್ತ ವಿಜ್ಞಾನ ಶಿಕ್ಷಕಿ, ಕೋಥ್ರೂಡ್, ಪುಣೆ