ಅರ್ಧ ಅಂಗುಲದ ಆಳ

ಪ್ರೀತಿಯ ಮಗಳೇ,

ಚಿತ್ರವೋ ಶಿಲ್ಪವೋ, ಯಾವುದಾದರೂ ಒಂದನ್ನೇ ಹಿಡಿಯಬೇಕಾ ಅಂತ ಕೇಳಿದ್ದೀಯ. ಬೇಡ. ಕೆ. ವೆಂಕಟಪ್ಪನವರನ್ನು ನೋಡು, ಎರಡನ್ನೂ ಒಂದೇ ಕೈಯಲ್ಲಿ ಮಾಡಿದವರು.

1886ರಲ್ಲಿ ಮೈಸೂರಿನಲ್ಲಿ, ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನದಲ್ಲಿ ಹುಟ್ಟಿದರು. ಮೈಸೂರು ಶೈಲಿಯಲ್ಲಿ ಕಿರೀಟ, ಒಡವೆ, ಸೀರೆಯಂಚನ್ನು ಬರೀ ಬಣ್ಣದಲ್ಲಿ ತೋರಿಸುವುದಿಲ್ಲ. ಸಫೇದ ಎಂಬ ಬಿಳಿ ಬಣ್ಣದ ಪುಡಿಗೆ ಗೋಂದು ಕಲಸಿ, ಸಣ್ಣ ಕುಂಚದಲ್ಲಿ ಎಳೆಎಳೆಯಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಗೋಂದು ಹೆಚ್ಚಾದರೆ ಬಿರುಕು ಬಿಡುತ್ತದೆ, ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ತಂಜಾವೂರಿನ ಉಬ್ಬು ದಪ್ಪ. ಮೈಸೂರಿನದು ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಮುಂದೆ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಉಬ್ಬುಶಿಲ್ಪಗಳ ಬೇರು ಇಲ್ಲಿದೆ ಅಂತಲೇ ನನ್ನ ನಂಬಿಕೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತದಲ್ಲಿ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಗುರುಗಳ ವಾಶ್ ಪದ್ಧತಿಯಲ್ಲಿ ತೆಳುಬಣ್ಣ ಹಚ್ಚಿ, ಪೂರ್ತಿ ಒಣಗಿಸಿ, ಕಾಗದವನ್ನೇ ನೀರಿಗೆ ಅದ್ದಿ, ಮತ್ತೆ ಬಣ್ಣ ಹಚ್ಚಬೇಕು. ಅರೆಬರೆ ಒಣಗಿದಾಗ ಅದ್ದಿದರೆ ಬಣ್ಣವೆಲ್ಲ ಕದಡಿ ಕೊಳೆಯಾಗುತ್ತದೆ. ಅವರ ಊಟಿ, ಕೊಡೈಕನಾಲ್ ಜಲವರ್ಣಗಳಲ್ಲಿ ಮೋಡ, ಮಂಜು ನೋಡುವಾಗ ಈ ತಾಳ್ಮೆಯನ್ನು ನೆನೆಸಿಕೋ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತದ್ದೂ ಅದೇ ತಾಳ್ಮೆಯಿಂದ.

ಈಗ ನೀನು ಹೊರಟಿರುವ ಉಬ್ಬುಶಿಲ್ಪದ ಕೆಲಸ. ಒಂದಡಿ ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ರೂಪ ತಿದ್ದು. ಅತಿ ಎತ್ತರದ ಜಾಗವೂ ಅರ್ಧ ಅಂಗುಲ ಮೀರದಿರಲಿ. ಮೂಗು, ಗಲ್ಲದ ಅಡಿಯಲ್ಲಿ ಒಳಕ್ಕೆ ಕೊರೆಯಬೇಡ. ಕೊರೆದರೆ ಕೊನೆಗೆ ಅಚ್ಚು ಒಡೆಯುವಾಗ ಆ ಸಂದಿಯ ಪ್ಲಾಸ್ಟರ್ ಬಿಡಿಸಲು ಹೋಗಿ ಮೂಗೇ ಮುರಿಯಬಹುದು. ಸುತ್ತ ಎರಡಂಗುಲದ ಕಟ್ಟೆ ಕಟ್ಟು.

ಪ್ಲಾಸ್ಟರ್ ಕಲಸುವಾಗ ನೀರಿಗೆ ಪುಡಿ ಹಾಕು, ಪುಡಿಗೆ ನೀರು ಸುರಿಯಬೇಡ, ಗಂಟು ಕಟ್ಟುತ್ತದೆ. ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಪುಡಿಯನ್ನು ಜರಡಿ ಹಿಡಿದಂತೆ ಉದುರಿಸಿ, ಒಂದೆರಡು ನಿಮಿಷ ನೆನೆಯಲು ಬಿಡು. ಆಮೇಲೆ ಕೈಯನ್ನು ನೀರೊಳಗೇ ಇಟ್ಟು ನಿಧಾನಕ್ಕೆ ಕದಡು. ರಭಸವಾಗಿ ತಿರುವಿದರೆ ಗಾಳಿಗುಳ್ಳೆ ಸೇರಿ ಮುಖದ ತುಂಬ ಸಿಡುಬಿನ ಕಲೆಯಂಥ ತೂತು. ಮಣ್ಣಿನ ರೂಪದ ಮೇಲೆ ಹಚ್ಚುವ ಈ ಪ್ಲಾಸ್ಟರೇ ಅಚ್ಚು. ಅದರ ಮೊದಲ ಪದರಕ್ಕೆ ಚಿಟಿಕೆ ನೀಲಿ ಬೆರೆಸಿ ಕುಂಚದಿಂದ ಹಚ್ಚು. ಮುಂದೆ ಅಚ್ಚು ಒಡೆಯುವಾಗ ನೀಲಿ ಕಂಡಕೂಡಲೇ ಉಳಿಗೆ ಮೆತ್ತಗೆ ಪೆಟ್ಟು ಕೊಡಬೇಕೆಂಬ ಗುರುತು ಅದು. ಅದರ ಮೇಲೆ ಬಿಳಿ ಪ್ಲಾಸ್ಟರ್ ಸುರಿದು ಕಟ್ಟೆ ತುಂಬು. ಬಕೆಟ್ಟಿನಲ್ಲಿ ಹಳೆಯ ಗಟ್ಟಿ ಚೂರು ಉಳಿದಿದ್ದರೆ ಹೊಸದು ಕೈಯಲ್ಲಿರುವಾಗಲೇ ಬಿಗಿಯುತ್ತದೆ, ತೊಳೆದುಕೋ. ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಅದರೊಳಗೆ ಕೈ ಹುದುಗಿಸಿಟ್ಟರೆ ಸುಟ್ಟುಹೋಗುತ್ತದೆ, ಹುಷಾರು.

ಅಚ್ಚಿನ ಮಣ್ಣು ತೆಗೆದು ತೊಳೆದ ಮೇಲೆ ಸಾಬೂನಿನ ನೀರನ್ನು ಮೂರು ಸಲ ಹಚ್ಚಿ ಒರೆಸು. ಆಮೇಲೆ ಅದರೊಳಗೆ ಬಿಳಿ ಪ್ಲಾಸ್ಟರ್ ಎರೆದು, ಆ ಎರಕ ಗಟ್ಟಿಯಾದ ಮೇಲೆ ಅಚ್ಚನ್ನು ಉಳಿಯಿಂದ ಒಡೆದು ತೆಗೆ. ಸಾಬೂನು ಮರೆತರೆ ಅಚ್ಚೂ ಎರಕವೂ ಒಂದೇ ಕಲ್ಲಾಗಿ ಕೂರುತ್ತವೆ.

ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ಹೋದಾಗ ಉಬ್ಬುಶಿಲ್ಪದ ಎದುರಿಗೆ ನಿಲ್ಲಬೇಡ, ಪಕ್ಕಕ್ಕೆ ಸರಿದು ನೋಡು. ನಿನ್ನದನ್ನೂ ತಿದ್ದುವಾಗ ದೀಪ ಎಡಬದಿಯಿಂದಲೇ ಬೀಳಲಿ. ನೇರ ಬೆಳಕಿನಲ್ಲಿ ಅರ್ಧ ಅಂಗುಲ ಕಾಣಿಸುವುದೇ ಇಲ್ಲ.

ನಿನ್ನ ಅಪ್ಪ