ಪುಷ್ಯ, ಆಶ್ಲೇಷದ ನಡುವಿನ ನನ್ನ ನಕ್ಷತ್ರ

ಮೊನ್ನೆ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ಜೊತೆಗೆ ನಿಂತವರಿಗೆ ಥ್ಯಾಂಕ್ಸ್ ಹೇಳದೆ ಸುಮ್ನೆ ಕೂರಲು ಆಗುತ್ತಿಲ್ಲ.

ನಾನು ನೋಡಿದ್ದು ಎಂ67 ಎಂಬ ನಕ್ಷತ್ರಗುಚ್ಛ. ಸುಮಾರು 400 ಕೋಟಿ ವರ್ಷದ ಹಿಂದೆ ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪು. ಅಲ್ಲಿನ ನೀಲಿ, ಬಿಸಿ ನಕ್ಷತ್ರಗಳೆಲ್ಲ ಇಷ್ಟು ಹೊತ್ತಿಗೆ ಸತ್ತಿರಬೇಕಿತ್ತು. ಕೆಲವು ಇನ್ನೂ ಪ್ರಾಯದವರಂತೆ ಉರಿಯುತ್ತಿವೆ. ಇವೇ ಬ್ಲೂ ಸ್ಟ್ರಾಗ್ಲರ್‌ಗಳು. ಜೋಡಿ ನಕ್ಷತ್ರದ ಅನಿಲ ಎಳೆದುಕೊಂಡು ಕೆಲವು ಹೀಗಾಗುತ್ತವೆ. ಹಾಗಾದರೆ ಆ ಜೋಡಿಯ ಉಳಿದ ತಿರುಳು, ಪುಟ್ಟ ಶ್ವೇತಕುಬ್ಜ, ಪಕ್ಕದಲ್ಲೇ ಇರಬೇಕು ಅಲ್ವಾ? ಮಾಮೂಲಿ ಬೆಳಕಲ್ಲಿ ಅದು ದೊಡ್ಡದರ ಹೊಳಪಿನಲ್ಲಿ ಮುಳುಗಿಹೋಗುತ್ತದೆ. ತುಂಬಾ ಬಿಸಿ ಇದ್ದರೆ ನೇರಳಾತೀತದಲ್ಲಿ, ಅಂದರೆ ಕಣ್ಣಿಗೆ ಕಾಣದ ಅಲ್ಟ್ರಾವಯಲೆಟ್ ಬೆಳಕಲ್ಲಿ, ಸಿಕ್ಕಿಬೀಳುತ್ತದೆ.

ಆ ಬೆಳಕಿನ ಬಹುಪಾಲನ್ನು ನಮ್ಮ ಗಾಳಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಮೊದಲ ಥ್ಯಾಂಕ್ಸ್, 2015ರ ಸೆಪ್ಟೆಂಬರ್ 28ರಂದು ಹಾರಿದ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ಗಾಗಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವನ್ನು ಹೊಸಕೋಟೆಯಲ್ಲಿ ಜೋಡಿಸಿದವರಿಗೆ. ಕನ್ನಡಿಯ ಮೇಲೆ ಚೂರು ಜಿಡ್ಡು ಕೂತರೂ ಅದು ನೇರಳಾತೀತ ಬೆಳಕನ್ನು ನುಂಗಿಬಿಡುತ್ತದೆ. ಅವರು ಕೂರಲು ಬಿಡಲಿಲ್ಲ. ಒತ್ತೊತ್ತಾಗಿರುವ ನಕ್ಷತ್ರಗಳನ್ನು ನಾನು ಬಿಡಿಬಿಡಿಯಾಗಿ ಅಳೆದದ್ದು ಅವರ ದಯೆ.

ಎರಡನೆಯದು ನನ್ನ ಸೀನಿಯರ್ ಒಬ್ಬರಿಗೆ. ನೋಡಲು ಸಾಧಾರಣವಾದ ಒಂದು ನಕ್ಷತ್ರ ನೇರಳಾತೀತದಲ್ಲಿ ಲೆಕ್ಕಕ್ಕಿಂತ ಜಾಸ್ತಿ ಹೊಳೆಯುತ್ತಿತ್ತು. ಶ್ವೇತಕುಬ್ಜ ಸಿಕ್ಕಿತು ಅಂತ ಪೇಪರ್ ಬರೆದೇಬಿಟ್ಟೆ. "ಎಕ್ಸ್‌ರೇ ನೋಡಿದ್ಯಾ?" ಎಂದರು. ನೋಡಿರಲಿಲ್ಲ. ನೋಡಿದರೆ ಅಲ್ಲೂ ಹೊಳಪು! ಬೇಗ ಸುತ್ತುವ, ಕಾಂತಬಲ ಜೋರಾಗಿರುವ ನಕ್ಷತ್ರದ ಮೇಲ್ಪದರವೇ ಕಾದು ಎಕ್ಸ್‌ರೇ ಜೊತೆಗೆ ನೇರಳಾತೀತ ಬೆಳಕನ್ನೂ ಕೊಡಬಲ್ಲದು. ಜೋಡಿ ಬೇಕೆಂದೇನಿಲ್ಲ. ಒಂದೂವರೆ ವರ್ಷದ ಕೆಲಸ. ಅವತ್ತು ರಾತ್ರಿ ಅತ್ತೆ. ಅವರು ಬೈಯಲಿಲ್ಲ, ಬಿಟ್ಟೂ ಹೋಗಲಿಲ್ಲ. ಪಕ್ಕದಲ್ಲಿ ಕೂತು, ಶ್ವೇತಕುಬ್ಜ ಇದೆಯೆಂದು ನಾನು ಪಟ್ಟಿ ಮಾಡಿದ್ದ ಒಂದೊಂದು ನಕ್ಷತ್ರವನ್ನೂ ಮತ್ತೆ ನೋಡಿಸಿದರು. ಕೆಲವು ಉಳಿದವು. ಆ ಒಂದು ಮಾತ್ರ ಥೀಸಿಸ್‌ನಲ್ಲಿ "ಅನುಮಾನ" ಎಂಬ ಕಾಲಮ್ಮಿಗೆ ಹೋಯಿತು. ಥೀಸಿಸ್‌ನಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆಯ ಸಾಲು ಅದೇ.

ಕೊನೆಗೆ ಅಪ್ಪ. ಅವರಿಗೆ ಪುಷ್ಯ, ಆಶ್ಲೇಷ ಅಂದರೆ ಮಳೆ. "ನಿನ್ನ ನಕ್ಷತ್ರ ಎಲ್ಲೈತೆ?" ಅಂತ ಪ್ರತಿ ಫೋನಲ್ಲೂ ಕೇಳುತ್ತಿದ್ದರು. ಆ ಎರಡರ ನಡುವೆಯೇ ಇದೆ ಅಪ್ಪಾ. ಆ ಮಳೆ ಬರುವಾಗ ಸೂರ್ಯನೂ ಅಲ್ಲೇ ಇರುತ್ತಾನೆ, ಹಾಗಾಗಿ ನನ್ನ ನಕ್ಷತ್ರ ಕಾಣುವುದಿಲ್ಲ. ಫೆಬ್ರವರಿಯಲ್ಲಿ ಬೈನಾಕ್ಯುಲರ್ ತಗೊಂಡು ಊರಿಗೆ ಬರುತ್ತೇನೆ. ಕಣದಲ್ಲಿ ಲೈಟ್ ಆರಿಸಿಟ್ಟಿರಿ.